ಶಾಲೆಗೆ ಸೇರಿಸುವಾಗ ಲಸಿಕೆಯ ಕಾರ್ಡನ್ನೂ ಕೇಳಿ

ಮಗುವನ್ನು ಒಂದನೇ ತರಗತಿಗೆ ಸೇರಿಸಲು ಹೋದರೆ ಶಾಲೆಯವರು ಏನೇನು ಕೇಳುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಜನನ ಪ್ರಮಾಣಪತ್ರ, ಆಧಾರ್ ಕಾರ್ಡಿನ ಪ್ರತಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ನಾಲ್ಕು ಫೋಟೋ. ಕೆಲವು ಶಾಲೆಗಳಲ್ಲಿ ಮಗುವಿನ ರಕ್ತದ ಗುಂಪನ್ನೂ ಬರೆಸಿಕೊಳ್ಳುತ್ತಾರೆ. ಆದರೆ ಹುಟ್ಟಿದ ದಿನದಿಂದ ಮಗುವಿಗೆ ಹಾಕಿಸಿದ ಲಸಿಕೆಗಳ ಲೆಕ್ಕ ಇರುವ ತಾಯಿ ಕಾರ್ಡನ್ನು ಕೇಳುವ ಶಾಲೆಗಳು ನಮ್ಮಲ್ಲಿ ವಿರಳ. ಆ ಕಾರ್ಡು ಮನೆಯ ಟ್ರಂಕಿನ ತಳದಲ್ಲೋ, ತವರುಮನೆಯ ಅಟ್ಟದ ಮೇಲೋ ಉಳಿದುಬಿಡುತ್ತದೆ. ಅದರಲ್ಲಿ ಖಾಲಿ ಉಳಿದ ಮನೆಗಳೂ ಹಾಗೆಯೇ ಖಾಲಿಯಾಗಿ ಉಳಿಯುತ್ತವೆ.

ಆ ಖಾಲಿ ಮನೆಗಳ ಬಗ್ಗೆ ಈ ವಾರ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಎಳೆಯ ವಯಸ್ಸಿನಲ್ಲಿ ತಪ್ಪಿಹೋದ ಲಸಿಕೆಗಳನ್ನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಹಾಕಿಸಬಹುದೇ? ಬಹುಪಾಲು ಲಸಿಕೆಗಳನ್ನು ಹಾಕಿಸಬಹುದು, ಹಾಕಿಸಲೇಬೇಕು. ಇದು ತಾಯಿತಂದೆಯರ ಕೆಲಸ ಮಾತ್ರವಲ್ಲ, ಶಾಲೆಯ ಮತ್ತು ಸರ್ಕಾರದ ಕೆಲಸವೂ ಹೌದು ಎಂಬುದು ನನ್ನ ಅಭಿಪ್ರಾಯ.

ಮೂರನೇ ತರಗತಿಯ ಆ ಹುಡುಗಿ

ಕೆಲವು ವರ್ಷಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದಿದ್ದ ಒಂದು ಕುಟುಂಬದವರು ಎಂಟು ವರ್ಷದ ಮಗಳನ್ನು ನನ್ನಲ್ಲಿಗೆ ಕರೆತಂದರು. ಮೂರು ದಿನದಿಂದ ಗಂಟಲುನೋವು, ಸ್ವಲ್ಪ ಜ್ವರ. ಅಂಗಡಿಯಿಂದ ಮಾತ್ರೆ ತಂದು ಕೊಟ್ಟಿದ್ದರು. ಮಗುವಿನ ಕುತ್ತಿಗೆ ಎರಡೂ ಕಡೆ ಊದಿಕೊಂಡಿತ್ತು. ಬಾಯಿ ತೆರೆಸಿ ನೋಡಿದರೆ ಗಂಟಲಿನ ಒಳಗೆ ಬೂದು ಬಣ್ಣದ ಪೊರೆ ಕಟ್ಟಿಕೊಂಡಿತ್ತು. ಗಂಟಲುಮಾರಿ, ಅಂದರೆ ಡಿಫ್ತೀರಿಯಾ.

ಈ ರೋಗಕ್ಕೆ ಆಂಟಿಬಯಾಟಿಕ್ ಔಷಧ ಒಂದೇ ಸಾಲದು. ರೋಗಾಣು ಸುರಿಸಿದ ವಿಷವನ್ನು ತಡೆಯುವ ಆಂಟಿಟಾಕ್ಸಿನ್ ಕೊಡಬೇಕು. ಕುದುರೆಯ ರಕ್ತದಿಂದ ತಯಾರಿಸುವ ಈ ಮದ್ದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಮಗುವನ್ನು ದೊಡ್ಡ ಊರಿಗೆ ಕಳುಹಿಸಿದೆವು. ಅಲ್ಲಿ ಆಂಟಿಟಾಕ್ಸಿನ್ ಸಿಕ್ಕಿತು, ಗಂಟಲಿನ ಪೊರೆಯೂ ಹೋಯಿತು. ಆದರೆ ಅಷ್ಟರಲ್ಲಿ ವಿಷ ಹೃದಯಕ್ಕೆ ತಗುಲಿತ್ತು. ಇನ್ನೇನು ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದಾಗ, ಎರಡನೆಯ ವಾರದಲ್ಲಿ ಆ ಹುಡುಗಿ ತೀರಿಕೊಂಡಳು.

ಒಂದು ತಿಂಗಳ ನಂತರ ಅವಳ ತಮ್ಮನಿಗೆ ಲಸಿಕೆ ಹಾಕಿಸಲು ತಾಯಿ ಬಂದಾಗ ಮಗಳ ಕಾರ್ಡನ್ನೂ ತಂದಿದ್ದರು. ಒಂಬತ್ತು ತಿಂಗಳವರೆಗಿನ ಎಲ್ಲ ಲಸಿಕೆಗಳೂ ಅದರಲ್ಲಿ ದಾಖಲಾಗಿದ್ದವು. ಆಮೇಲೆ ಅವರು ಊರು ಬಿಟ್ಟಿದ್ದರು. ಒಂದೂವರೆ ವರ್ಷದ ಸಾಲು ಖಾಲಿ, ಐದು ವರ್ಷದ ಸಾಲೂ ಖಾಲಿ. "ಸಾಲಿಗೆ ಹೆಸರು ಹಚ್ಚಾಗ ಯಾರಾದ್ರೂ ಒಂದ್ ಮಾತ್ ಕೇಳಿದ್ರ ಹಾಕಸ್ತಿದ್ವಿ ರೀ, ಸಾಹೇಬ್ರ" ಎಂದರು ಆ ತಾಯಿ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಜವಾಗಿಯೂ ಯಾರೂ ಕೇಳಿರಲಿಲ್ಲ.

ಉಳಿದ ಮಕ್ಕಳು ಎಲ್ಲಿಗೆ ಹೋದರು?

ಇದು ಒಂದು ಮನೆಯ ಕತೆ ಮಾತ್ರ ಎಂದುಕೊಳ್ಳಬೇಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲ ಪೂರ್ತಿಯಾಗಿದ್ದುದು ಶೇ. 62.6ರಷ್ಟು ಮಂದಿಗೆ ಮಾತ್ರ. 2019-21ರ ಸಮೀಕ್ಷೆಯ ವೇಳೆಗೆ ಅದು ಶೇ. 84.1ಕ್ಕೆ ಏರಿತು. ದೇಶದ ಸರಾಸರಿಗಿಂತ ಇದು ಹೆಚ್ಚು. ಮನೆ ಮನೆಗೆ ನಡೆದ ಆಶಾ ಕಾರ್ಯಕರ್ತೆಯರಿಗೆ, ಬಿಸಿಲು ಮಳೆಯಲ್ಲಿ ಲಸಿಕೆಯ ಡಬ್ಬಿ ಹೊತ್ತು ಓಡಾಡಿದ ದಾದಿಯರಿಗೆ ಇದರ ಶ್ರೇಯಸ್ಸು ಸಲ್ಲಬೇಕು.

ಆದರೆ ಈ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ನೋಡಬೇಕಲ್ಲವೇ? 2015-16ರಲ್ಲಿ ನೂರಕ್ಕೆ ಮೂವತ್ತೇಳು ಮಕ್ಕಳಿಗೆ ಒಂದಲ್ಲ ಒಂದು ಲಸಿಕೆ ತಪ್ಪಿತ್ತು. ಆ ಮಕ್ಕಳು ಎಲ್ಲಿಗೂ ಹೋಗಿಲ್ಲ. ಬೆಳೆದು ದೊಡ್ಡವರಾಗಿ ಇಂದು ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ಸಮೀಕ್ಷೆ ಪ್ರತಿ ಸಲ ಹೊಸ ಕೂಸುಗಳನ್ನು ಲೆಕ್ಕ ಹಾಕುತ್ತದೆ. ಹಿಂದಿನ ಸಲ ಬಿಟ್ಟುಹೋದವರ ಲೆಕ್ಕ ಕೇಳುವವರಿಲ್ಲ.

ಇವರ ಜೊತೆಗೆ ಕೊರೊನಾ ಕಾಲದ ಮಕ್ಕಳೂ ಸೇರಿದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಹಲವು ವಾರ ಲಸಿಕೆಯ ಕೆಲಸ ಕುಂಟಿತು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು ಎಂದು ಹೆದರಿ ಮನೆಯಲ್ಲೇ ಉಳಿದವರು ಬಹಳ. 2021ರಲ್ಲಿ ಭಾರತದಲ್ಲಿ ಸುಮಾರು 27 ಲಕ್ಷ ಕೂಸುಗಳಿಗೆ ಡಿ.ಪಿ.ಟಿ. ಲಸಿಕೆಯ ಒಂದು ಡೋಸೂ ಸಿಗಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿದ್ದವು. ಮರುವರ್ಷ ಈ ಸಂಖ್ಯೆ 11 ಲಕ್ಷಕ್ಕೆ ಇಳಿಯಿತು. ಇಳಿದದ್ದು ಹೊಸದಾಗಿ ಹುಟ್ಟಿದವರ ಲೆಕ್ಕ ಎಂಬುದನ್ನು ಮರೆಯಬಾರದು. ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಒಬ್ಬೊಬ್ಬರಾಗಿ ಶಾಲೆಯ ಮೆಟ್ಟಿಲು ಹತ್ತುತ್ತಿದ್ದಾರೆ.

ಲಸಿಕೆ ತಪ್ಪಿಸಿಕೊಂಡವರೆಲ್ಲ ಅಜ್ಞಾನದಿಂದ ತಪ್ಪಿಸಿಕೊಂಡರು ಎನ್ನುವುದು ಅನ್ಯಾಯ. ಕಬ್ಬು ಕಡಿಯಲು ಹೋದವರು, ಕಾಫಿ ತೋಟಕ್ಕೆ, ಇಟ್ಟಿಗೆ ಗೂಡಿಗೆ ಕೂಲಿಗೆ ಹೋದವರು ಲಸಿಕೆಯ ದಿನ ಊರಿನಲ್ಲಿ ಇರುವುದಿಲ್ಲ. ನಗರಗಳಲ್ಲಿ ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ಪಟ್ಟಿಯಲ್ಲಿ ಉಳಿಯುತ್ತದೆ, ಹೊಸ ಪಟ್ಟಿಗೆ ಬರುವುದಿಲ್ಲ. ಅನುಕೂಲಸ್ಥರ ಮನೆಗಳಲ್ಲೂ ಒಂದು ಸಲ ನೆಗಡಿ ಎಂದು, ಇನ್ನೊಂದು ಸಲ ಮದುವೆ ಎಂದು ಮುಂದೂಡಿದ ಡೋಸು ಮರೆತೇಹೋಗಿರುತ್ತದೆ.

ಏಳರಲ್ಲಿ ಮೂರು ಶಾಲೆಯ ವಯಸ್ಸಿನಲ್ಲೇ

"ಲಸಿಕೆ ಎಂದರೆ ಕೂಸುಗಳಿಗೆ" ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ನಿಜ ಅಷ್ಟೆ. ಗಂಟಲುಮಾರಿ ಮತ್ತು ಧನುರ್ವಾಯುವಿನ ವಿರುದ್ಧ ನಮ್ಮ ರಾಷ್ಟ್ರೀಯ ವೇಳಾಪಟ್ಟಿಯಲ್ಲಿ ಮಗುವಿಗೆ ಒಟ್ಟು ಏಳು ಸಲ ಲಸಿಕೆ ಇದೆ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ರೂಪದಲ್ಲಿ ಮೂರು ಸಲ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಡಿ.ಪಿ.ಟಿ. ಬೂಸ್ಟರ್ ಒಂದು. ಐದರಿಂದ ಆರು ವರ್ಷದೊಳಗೆ ಇನ್ನೊಂದು ಬೂಸ್ಟರ್. ಮುಂದೆ ಹತ್ತನೇ ವರ್ಷಕ್ಕೆ ಮತ್ತು ಹದಿನಾರನೇ ವರ್ಷಕ್ಕೆ ಟಿ.ಡಿ. ಎಂಬ ಲಸಿಕೆ. ಅಂದರೆ ಏಳರಲ್ಲಿ ಮೂರು ಬರುವುದು ಮಗು ಶಾಲೆಗೆ ಹೋಗುವ ವಯಸ್ಸಿನಲ್ಲೇ.

ಇಷ್ಟು ಸಲ ಏಕೆ? ಕೂಸಿಗೆ ಕೊಟ್ಟ ಮೊದಲ ಮೂರು ಡೋಸುಗಳಿಂದ ಬಂದ ರೋಗನಿರೋಧಕ ಶಕ್ತಿ ವರ್ಷ ಕಳೆದಂತೆ ಕುಗ್ಗುತ್ತದೆ. ಬೂಸ್ಟರ್ ಡೋಸು ಶರೀರಕ್ಕೆ ಹಳೆಯ ಪಾಠವನ್ನು ನೆನಪಿಸಿ ಆ ಶಕ್ತಿಯನ್ನು ಮತ್ತೆ ಮೇಲಕ್ಕೆ ತರುತ್ತದೆ. ಅದು ತಪ್ಪಿದರೆ ಎಂಟು, ಹತ್ತು, ಹನ್ನೆರಡು ವರ್ಷದ ಮಗು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಹಿಂದೆ ಐದು ವರ್ಷದೊಳಗಿನವರನ್ನು ಹೆಚ್ಚಾಗಿ ಕಾಡುತ್ತಿದ್ದ ಗಂಟಲುಮಾರಿ ಈಗ ಶಾಲೆಯ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚು ಕಾಣಿಸುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆಯೇ ಆಯಿತು. ಆರೋಗ್ಯ ಸೌಲಭ್ಯಗಳಲ್ಲಿ ದೇಶಕ್ಕೇ ಮಾದರಿ ಎನಿಸಿದ ರಾಜ್ಯದಲ್ಲಿ ಗಂಟಲುಮಾರಿ ಮತ್ತೆ ತಲೆ ಎತ್ತಿತು, ಶಾಲೆಗೆ ಹೋಗುವ ಹುಡುಗರು ಸತ್ತರು. ಅಲ್ಲಿನ ಆರೋಗ್ಯ ಇಲಾಖೆ ಆಮೇಲೆ ಶಾಲೆ ಶಾಲೆಗೆ ಹೋಗಿ ಲಸಿಕೆ ಹಾಕಬೇಕಾಯಿತು. 2018ರಲ್ಲಿ ಭಾರತದಿಂದ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಗಂಟಲುಮಾರಿ ಪ್ರಕರಣಗಳು 8,788. ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಈ ರೋಗ ಹೊಸದಲ್ಲ.

ಧನುರ್ವಾಯುವಿನ ವಿಚಾರದಲ್ಲಿ ನಾವು ಒಂದು ವಿಚಿತ್ರ ಮಾಡುತ್ತೇವೆ. ಮಗುವಿನ ಕಾಲಿಗೆ ಮೊಳೆ ಚುಚ್ಚಿದರೆ, ಮೊಣಕಾಲು ತರಚಿದರೆ ಕೂಡಲೇ ಆಸ್ಪತ್ರೆಗೆ ಓಡಿ "ಒಂದು ಟಿ.ಟಿ. ಹಾಕಿ ಡಾಕ್ಟ್ರೇ" ಎನ್ನುತ್ತೇವೆ. ಆದರೆ ಐದು ವರ್ಷದ ಬೂಸ್ಟರ್ ನೆನಪಿರುವುದಿಲ್ಲ. ಎಳವೆಯಲ್ಲಿ ಲಸಿಕೆಯನ್ನೇ ಪಡೆಯದ ಮಗುವಿಗೆ ಗಾಯವಾದಾಗ ಹಾಕಿದ ಒಂದು ಚುಚ್ಚುಮದ್ದು ಆ ಗಾಯದ ಹೊತ್ತಿಗೆ ರಕ್ಷಣೆ ಕೊಡಲಾರದು. ರಕ್ಷಣೆ ಮೊದಲೇ ಕಟ್ಟಿಕೊಂಡಿರಬೇಕು. ಈಗ ಸರ್ಕಾರಿ ಕಾರ್ಯಕ್ರಮದಲ್ಲಿ ಟಿ.ಟಿ.ಯ ಬದಲು ಟಿ.ಡಿ. ಕೊಡುತ್ತಾರೆ. ಒಂದೇ ಸೂಜಿಯಲ್ಲಿ ಧನುರ್ವಾಯುವಿನ ಜೊತೆಗೆ ಗಂಟಲುಮಾರಿಯಿಂದಲೂ ರಕ್ಷಣೆ ಸಿಗುತ್ತದೆ.

ಇನ್ನು ದಡಾರ. ಇದಕ್ಕಿಂತ ಬೇಗ ಅಂಟುವ ರೋಗಗಳು ಬಹಳ ಕಡಿಮೆ. ರಕ್ಷಣೆ ಇಲ್ಲದವರ ನಡುವೆ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಮಂದಿಗೆ ಅದನ್ನು ಹರಡಬಲ್ಲ. ಆದ್ದರಿಂದಲೇ ನೂರಕ್ಕೆ 95 ಮಕ್ಕಳಿಗೆ ಎರಡು ಡೋಸು ಆಗಿರಬೇಕು ಎನ್ನುತ್ತಾರೆ. "ನಮ್ಮ ಕಾಲದಲ್ಲಿ ಎಲ್ಲರಿಗೂ ಅಮ್ಮ ಬರುತ್ತಿತ್ತು, ಬೇವಿನ ಸೊಪ್ಪು ಕಟ್ಟಿ ವಾಸಿ ಮಾಡಿಕೊಳ್ಳುತ್ತಿದ್ದೆವು" ಎಂದು ಹಿರಿಯರು ಹೇಳುವುದುಂಟು. ವಾಸಿಯಾದವರು ಈ ಮಾತು ಹೇಳಲು ಉಳಿದಿದ್ದಾರೆ. ನ್ಯುಮೋನಿಯಾ, ಭೇದಿ, ಮಿದುಳಿನ ಉರಿಯೂತಗಳಿಂದ ತೀರಿಕೊಂಡವರು ಹೇಳಲಾರರು. ದಡಾರ ಬಂದು ಹೋದ ಮೇಲೆ ಕೆಲವು ತಿಂಗಳುಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ, ಇತರ ರೋಗಗಳನ್ನು ಎದುರಿಸುವ ಶಕ್ತಿಯೂ ಮಗುವಿನಲ್ಲಿ ತಗ್ಗಿರುತ್ತದೆ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತಾಗ ಅಲ್ಲಿನವರಿಗೆ ಈ ರೋಗದ ನಿಜರೂಪ ಮತ್ತೆ ಕಂಡಿತು.

ಅದೇ ಸೂಜಿಯಲ್ಲಿರುವ ರುಬೆಲ್ಲಾ ಲಸಿಕೆ ಹೆಣ್ಣುಮಕ್ಕಳಿಗಂತೂ ಅತ್ಯಗತ್ಯ. ಮಕ್ಕಳಿಗೆ ಬಂದರೆ ರುಬೆಲ್ಲಾ ಸಣ್ಣ ರೋಗ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಇಂದು ಏಳನೇ ತರಗತಿಯಲ್ಲಿರುವ ಹುಡುಗಿಗೆ ಲಸಿಕೆ ಹಾಕಿಸಿದರೆ ಮುಂದೆ ಅವಳ ಮಗುವಿಗೂ ರಕ್ಷಣೆ ಕೊಟ್ಟಂತೆ.

2017ರ ಫೆಬ್ರುವರಿ 5ರಂದು ದಡಾರ–ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಹಿಂದೆ ಹಾಕಿಸಿದ್ದರೂ ಇಲ್ಲದಿದ್ದರೂ, ಒಂದು ಡೋಸು ಕೊಡುವುದು ಅದರ ಗುರಿ. ಶಾಲೆಗಳಲ್ಲೇ ಸಾಲಾಗಿ ನಿಲ್ಲಿಸಿ ಹಾಕಿದ್ದು ನಿಮಗೆ ನೆನಪಿರಬಹುದು. ಆಗ ಒಂಬತ್ತು ತಿಂಗಳು ತುಂಬದ ಕೂಸುಗಳು ಮತ್ತು ಆಮೇಲೆ ಹುಟ್ಟಿದವರು ಆ ಅಭಿಯಾನದೊಳಗೆ ಬರಲಿಲ್ಲ. ಅವರಿಗೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಹಾಕಿಸಿದ ಎರಡು ಡೋಸುಗಳೇ ಆಧಾರ. ಅದು ತಪ್ಪಿದ್ದರೆ ಏನೂ ಇಲ್ಲ.

ತಡವಾದರೆ ಮೊದಲಿನಿಂದ ಶುರು ಮಾಡಬೇಕೇ?

ತಾಯಿತಂದೆಯರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬೇಕಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು. ಎರಡು ಡೋಸುಗಳ ನಡುವೆ ಕಡಿಮೆ ಎಂದರೆ ಇಷ್ಟು ದಿನ ಇರಬೇಕು ಎಂಬ ನಿಯಮವಿದೆ, ಸಾಮಾನ್ಯವಾಗಿ ನಾಲ್ಕು ವಾರ. ಅಂತರ ಹೆಚ್ಚಾಯಿತೆಂದು ಹಿಂದಿನ ಡೋಸು ವ್ಯರ್ಥವಾಗುವುದಿಲ್ಲ. ಎರಡು ಡೋಸು ಹಾಕಿಸಿ ಮೂರು ವರ್ಷ ಬಿಟ್ಟಿದ್ದರೂ ಮೂರನೆಯದನ್ನು ಈಗ ಹಾಕಿಸಬಹುದು.

ಕಾರ್ಡು ಕಳೆದುಹೋಗಿದ್ದರೆ? ಹಾಕಿಸಿದ ಆಸ್ಪತ್ರೆ ಅಥವಾ ಉಪಕೇಂದ್ರದ ದಾಖಲೆಯಲ್ಲಿ ಹುಡುಕಿಸಬಹುದು. ಅಲ್ಲೂ ಸಿಗದಿದ್ದರೆ ಲಸಿಕೆ ಆಗಿಲ್ಲವೆಂದೇ ಭಾವಿಸಿ ಹಾಕುವುದು ವೈದ್ಯರ ಪದ್ಧತಿ. ಹಿಂದೆ ಆಗಿದ್ದು ಮತ್ತೊಮ್ಮೆ ಹಾಕಿದರೆ ತೋಳು ಒಂದೆರಡು ದಿನ ನೋಯಬಹುದು, ಹೆಚ್ಚಿನ ಕೆಡುಕಿಲ್ಲ. ಹಾಕಿಸದೆ ಬಿಟ್ಟರೆ ಆಗಬಹುದಾದ ಕೆಡುಕು ಅದಕ್ಕಿಂತ ಬಹಳ ದೊಡ್ಡದು.

ಒಂದೇ ದಿನ ಎರಡು ಮೂರು ಲಸಿಕೆ ಹಾಕಿದರೆ ಮಗು ತಡೆದೀತೇ? ತಡೆಯುತ್ತದೆ. ಬೇರೆ ಬೇರೆ ಜಾಗದಲ್ಲಿ ಚುಚ್ಚುತ್ತಾರೆ, ಅಷ್ಟೆ. ಹಿಂದುಳಿದ ಮಗುವನ್ನು ಬೇಗ ಸಾಲಿಗೆ ತರಲು ಇದೇ ಒಳ್ಳೆಯ ದಾರಿ. ಕೂಲಿ ಬಿಟ್ಟು ಬಂದ ತಾಯಿ ಇನ್ನೊಮ್ಮೆ ಬರುವಳೆಂದು ಹೇಳುವಂತಿಲ್ಲ.

ನೆಗಡಿ, ಕೆಮ್ಮು, ಸಣ್ಣ ಜ್ವರ ಇದ್ದರೆ ಲಸಿಕೆ ಮುಂದೂಡಬೇಕಾಗಿಲ್ಲ. ಹಿಂದೆ ಅದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಮಗುವಿಗೆ ಫಿಟ್ಸ್ ಬರುತ್ತಿದ್ದರೆ, ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ತೊಂದರೆ ಇದ್ದರೆ ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು.

ಯಾವ ವಯಸ್ಸಿಗೆ ಯಾವುದು?

ಎಲ್ಲ ಲಸಿಕೆಗಳನ್ನೂ ಎಲ್ಲ ವಯಸ್ಸಿನಲ್ಲೂ ಹಾಕುವುದಿಲ್ಲ. ರೋಟಾವೈರಸ್ ಹನಿ ಕೂಸುಗಳಿಗೆ ಮಾತ್ರ. ಬಿ.ಸಿ.ಜಿ.ಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಒಂದು ವರ್ಷದವರೆಗೆ, ಪೋಲಿಯೋ ಹನಿಯನ್ನು ಐದು ವರ್ಷದವರೆಗೆ ಕೊಡುತ್ತಾರೆ. ಅವು ತಪ್ಪಿದ್ದರೆ ಈಗ ಕೊರಗಿ ಫಲವಿಲ್ಲ, ಮಕ್ಕಳ ವೈದ್ಯರನ್ನು ಒಮ್ಮೆ ಕೇಳಿ. ಈಗ ಹಾಕಿಸಬಹುದಾದವುಗಳ ಕಡೆ ಗಮನ ಕೊಡೋಣ.

ಮಗುವಿಗೆ ಏಳು ವರ್ಷ ತುಂಬಿಲ್ಲದಿದ್ದರೆ ಡಿ.ಪಿ.ಟಿ. ಕೊಡಬಹುದು. ಒಂದೂ ಆಗಿಲ್ಲವೆಂದರೆ ತಿಂಗಳಿಗೊಂದರಂತೆ ಮೂರು ಡೋಸು, ಮೂರನೆಯದಾದ ಆರು ತಿಂಗಳ ಮೇಲೆ ಬೂಸ್ಟರ್. ಇದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಐದು ವರ್ಷದ ಬೂಸ್ಟರ್ ಮಾತ್ರ ತಪ್ಪಿದ್ದರೆ ಅದೊಂದೇ ಸಾಕು.

ಏಳು ವರ್ಷ ದಾಟಿದ ಮೇಲೆ ಡಿ.ಪಿ.ಟಿ. ಕೊಡುವುದಿಲ್ಲ. ಆ ವಯಸ್ಸಿನಲ್ಲಿ ಜ್ವರ, ಊತ ಹೆಚ್ಚು. ಅದರ ಬದಲು ಟಿ.ಡಿ. ಕೊಡುತ್ತಾರೆ. ಮೊದಲು ಏನೂ ಆಗಿಲ್ಲದ ಮಗುವಿಗೆ ಇಂದು ಒಂದು, ತಿಂಗಳ ನಂತರ ಒಂದು, ಆರು ತಿಂಗಳಿಗೆ ಮತ್ತೊಂದು. ಮೊದಲನೆಯದನ್ನು ನಾಯಿಕೆಮ್ಮಿನ ಅಂಶವೂ ಇರುವ ಟಿಡ್ಯಾಪ್ ಲಸಿಕೆಯಾಗಿ ಹಾಕಿಸುವುದು ಉತ್ತಮವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಆದರೆ ಅದು ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ, ದುಬಾರಿಯೂ ಹೌದು. ಕೈಲಾಗದಿದ್ದರೆ ಟಿ.ಡಿ.ಯನ್ನಾದರೂ ತಪ್ಪಿಸಬೇಡಿ.

ದಡಾರ–ರುಬೆಲ್ಲಾ ಲಸಿಕೆ ಎರಡು ಡೋಸು, ನಡುವೆ ಕನಿಷ್ಠ ಒಂದು ತಿಂಗಳು. ಒಂದು ಆಗಿದ್ದರೆ ಇನ್ನೊಂದು ಸಾಕು. ಮಂಗನಬಾವಿನ ಅಂಶವೂ ಸೇರಿದ ಎಂ.ಎಂ.ಆರ್. ಖಾಸಗಿಯಲ್ಲಿ ಸಿಗುತ್ತದೆ.

ಕಾಮಾಲೆ ಬಿ, ಅಂದರೆ ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಮೂರು ಡೋಸು: ಇಂದು, ತಿಂಗಳಿಗೆ, ಆರು ತಿಂಗಳಿಗೆ. ಟಿ.ಡಿ.ಯ ದಿನಗಳಿಗೇ ಇದನ್ನು ಹೊಂದಿಸಿಕೊಂಡರೆ ಓಡಾಟ ಉಳಿಯುತ್ತದೆ.

ಮಿದುಳು ಜ್ವರದ ಲಸಿಕೆಯನ್ನು, ಅಂದರೆ ಜಪಾನೀಸ್ ಎನ್‌ಸೆಫಲೈಟಿಸ್ ಲಸಿಕೆಯನ್ನು, ರೋಗದ ಭಯವಿರುವ ಜಿಲ್ಲೆಗಳಲ್ಲಿ ಹದಿನೈದು ವರ್ಷದವರೆಗೆ ಕೊಡಬಹುದು. 2022ರ ಡಿಸೆಂಬರಿನಲ್ಲಿ ಬಾಗಲಕೋಟೆ, ಕಲಬುರಗಿ, ತುಮಕೂರು, ದಕ್ಷಿಣ ಕನ್ನಡ ಮೊದಲಾದ ಹತ್ತು ಜಿಲ್ಲೆಗಳಲ್ಲಿ ಒಂದರಿಂದ ಹದಿನೈದು ವರ್ಷದ ಸುಮಾರು 48 ಲಕ್ಷ ಮಕ್ಕಳನ್ನು ಗುರಿಯಾಗಿಟ್ಟುಕೊಂಡು ಈ ಲಸಿಕೆ ಹಾಕಲಾಯಿತು. ಆ ಜಿಲ್ಲೆಗಳಲ್ಲಿ ತಪ್ಪಿಸಿಕೊಂಡವರು ವಿಚಾರಿಸಿ.

ನೋಡಿ, ಏನೂ ಹಾಕಿಸಿರದ ಎಂಟು ವರ್ಷದ ಮಗುವನ್ನೂ ಆರು ತಿಂಗಳಲ್ಲಿ, ಮೂರೇ ಭೇಟಿಗಳಲ್ಲಿ ಬಹುಪಾಲು ಸುರಕ್ಷಿತ ಮಾಡಬಹುದು. ಮಗುವಿಗೆ ಯಾವುದು ಬಾಕಿ ಎಂಬುದನ್ನು ಕಾರ್ಡು ನೋಡಿ ವೈದ್ಯರೇ ನಿರ್ಧರಿಸಲಿ. ಮೇಲಿನದು ನಿಮ್ಮ ತಿಳಿವಳಿಕೆಗೆ.

ಸರ್ಕಾರ ಬಿಟ್ಟ ಕಿಂಡಿ

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. 2014ರ ಡಿಸೆಂಬರಿನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನ ಲಸಿಕೆ ತಪ್ಪಿದ ಕೂಸುಗಳನ್ನು ಹುಡುಕಿ ಹಾಕುವ ಒಳ್ಳೆಯ ಕೆಲಸ ಮಾಡಿತು. 2023ರ ಸುತ್ತಿನಲ್ಲಿ ಐದು ವರ್ಷದವರೆಗಿನ ಮಕ್ಕಳನ್ನು ಸೇರಿಸಿಕೊಂಡರು. ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ದಡಾರ–ರುಬೆಲ್ಲಾ ಲಸಿಕೆಯನ್ನೂ ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷದವರೆಗೆ ಮಾತ್ರ ಕೊಡುವ ನಿಯಮ. ಅಂದರೆ ಮಗು ಒಂದನೇ ತರಗತಿಗೆ ಸೇರುವ ಹೊತ್ತಿಗೆ, ಅಂದರೆ ಹೆಚ್ಚು ಮಕ್ಕಳ ನಡುವೆ ಕೂರುವ ಹೊತ್ತಿಗೆ, ಉಚಿತ ಲಸಿಕೆಯ ಬಾಗಿಲು ಮುಚ್ಚಿರುತ್ತದೆ. ಕಾಸಿದ್ದವರು ಖಾಸಗಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಇಲ್ಲದವರ ಮಕ್ಕಳೇ ಮೊದಲು ತಪ್ಪಿಸಿಕೊಂಡವರು, ಕೊನೆಗೂ ತಪ್ಪಿಸಿಕೊಳ್ಳುವವರು.

ಹಣ, ಲಸಿಕೆಯ ದಾಸ್ತಾನು, ಸಿಬ್ಬಂದಿ ಎಲ್ಲಕ್ಕೂ ಮಿತಿ ಇದೆ, ಕೂಸುಗಳಿಗೆ ಮೊದಲ ಆದ್ಯತೆ ಎಂದು ಅಧಿಕಾರಿಗಳು ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ದಡಾರದಿಂದ ಸಾಯುವವರಲ್ಲಿ ಎಳೆಯರೇ ಹೆಚ್ಚು. ಆದರೆ ಶಾಲೆಯಿಂದ ಅಕ್ಕ ಹೊತ್ತು ತಂದ ದಡಾರವೇ ಮನೆಯಲ್ಲಿರುವ ಆರು ತಿಂಗಳ, ಇನ್ನೂ ಲಸಿಕೆಯ ವಯಸ್ಸು ಬಾರದ ತಮ್ಮನಿಗೆ ಅಂಟುತ್ತದೆ. ದೊಡ್ಡ ಮಕ್ಕಳಿಗೆ ಹಾಕಿದ ಲಸಿಕೆ ಕೂಸುಗಳನ್ನೂ ಕಾಯುತ್ತದೆ.

ನನ್ನ ಸಲಹೆ ಇಷ್ಟು. ಒಂದನೇ ತರಗತಿಗೆ ಸೇರಿಸುವಾಗ ಪ್ರತಿ ಶಾಲೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಲಸಿಕೆಯ ಕಾರ್ಡನ್ನು ಕೇಳಬೇಕು. ಕಾರ್ಡಿಲ್ಲವೆಂದು, ಲಸಿಕೆ ಆಗಿಲ್ಲವೆಂದು ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬಾರದು. ಕಾರ್ಡಿಲ್ಲದ ಮಗುವಿಗೇ ಶಾಲೆಯ ಅಗತ್ಯ ಹೆಚ್ಚು. ಹೆಸರು ದಾಖಲಿಸಿಕೊಂಡು, ಬಾಕಿ ಇರುವವರ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಲಿ. ಆರೋಗ್ಯ ಸಹಾಯಕಿಯರು ಜುಲೈ, ಆಗಸ್ಟಿನಲ್ಲಿ ಶಾಲೆಗೇ ಬಂದು ಹಾಕಲಿ. ಐದನೇ ಮತ್ತು ಹತ್ತನೇ ತರಗತಿಗಳಲ್ಲಿ ಟಿ.ಡಿ. ಹಾಕುವಾಗ ಇನ್ನೊಮ್ಮೆ ಕಾರ್ಡು ನೋಡಲಿ. ದಡಾರ–ರುಬೆಲ್ಲಾ ಲಸಿಕೆಯ ಉಚಿತ ಮಿತಿಯನ್ನು ಐದರಿಂದ ಹದಿನೈದು ವರ್ಷಕ್ಕೆ ಏರಿಸಲಿ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗಳಿಗೆ ಬಂದು ಮಕ್ಕಳ ಹಲ್ಲು, ಕಣ್ಣು, ಹೃದಯ ತಪಾಸಣೆ ಮಾಡುವ ವ್ಯವಸ್ಥೆ ಇದ್ದೇ ಇದೆ. ಯು-ವಿನ್ ಎಂಬ ಗಣಕ ವ್ಯವಸ್ಥೆಯಲ್ಲಿ ಒಮ್ಮೆ ದಾಖಲಾದರೆ ಯಾದಗಿರಿಯಲ್ಲಿ ಹಾಕಿಸಿದ ಲಸಿಕೆಯ ವಿವರ ಬೆಂಗಳೂರಿನಲ್ಲೂ ಸಿಗುತ್ತದೆ. 2017ರಲ್ಲಿ, 2022ರಲ್ಲಿ ಶಾಲೆಗಳಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಲಸಿಕೆ ಹಾಕಿದ ಅನುಭವ ನಮ್ಮ ಸಿಬ್ಬಂದಿಗೆ ಇದೆ. ಮಲಪ್ಪುರಂನಲ್ಲಿ ಆದಂತೆ ಮಕ್ಕಳು ಸತ್ತ ಮೇಲೆ ಶಾಲೆಗೆ ಓಡುವುದಾದರೆ ಅದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಶಿಕ್ಷಕರಿಗೂ ಒಂದು ವಿನಂತಿ. 2017ರ ಅಭಿಯಾನದ ವೇಳೆ ಮೊಬೈಲ್ ಫೋನುಗಳಲ್ಲಿ ಹರಡಿದ ವದಂತಿಗಳನ್ನು ನಂಬಿ ಹಲವರು ಮಕ್ಕಳನ್ನು ಆ ದಿನ ಶಾಲೆಗೇ ಕಳುಹಿಸಲಿಲ್ಲ. ವೈದ್ಯರು ಹೇಳಿದ್ದಕ್ಕಿಂತ ಮೇಷ್ಟ್ರು, ಟೀಚರಮ್ಮ ಹೇಳಿದ ಮಾತಿಗೆ ಊರಿನಲ್ಲಿ ಬೆಲೆ ಹೆಚ್ಚು. ಲಸಿಕೆಗೆ ಮೊದಲು ತಾಯಂದಿರನ್ನು ಕರೆದು ಕೂರಿಸಿ ಮಾತನಾಡಿ. ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ಲಸಿಕೆಯಾದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ತೋಳು ಊದುತ್ತದೆ, ದೊಡ್ಡ ಮಕ್ಕಳು ಸೂಜಿಯ ಭಯಕ್ಕೆ ತಲೆಸುತ್ತಿ ಬೀಳುವುದೂ ಉಂಟು ಎಂದು ಮೊದಲೇ ತಿಳಿಸಿ. ಹಾಕಿದ ಮೇಲೆ ಮಕ್ಕಳನ್ನು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ. ಮುಚ್ಚಿಟ್ಟ ವಿಷಯದಿಂದ ವದಂತಿ ಹುಟ್ಟುತ್ತದೆ.

ಇಂದು ರಾತ್ರಿ ಒಂದು ಕೆಲಸ

ಸರ್ಕಾರ ಮಾಡುವಾಗ ಮಾಡಲಿ. ನೀವು ಇಂದು ರಾತ್ರಿ ಊಟವಾದ ಮೇಲೆ ಮಕ್ಕಳ ಕಾರ್ಡುಗಳನ್ನು ಹುಡುಕಿ ತೆಗೆಯಿರಿ. ಒಂಬತ್ತು ತಿಂಗಳ ಸಾಲು, ಒಂದೂವರೆ ವರ್ಷದ ಸಾಲು, ಐದು ವರ್ಷದ ಸಾಲು, ಹತ್ತು ವರ್ಷದ ಸಾಲು, ಈ ನಾಲ್ಕನ್ನು ನೋಡಿ. ಮಗುವಿನ ವಯಸ್ಸು ದಾಟಿದ್ದರೂ ಯಾವುದಾದರೂ ಖಾಲಿ ಇದ್ದರೆ ಕಾರ್ಡನ್ನು ತೆಗೆದುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಬಹುತೇಕ ಕಡೆ ಗುರುವಾರ ಲಸಿಕೆಯ ದಿನ. "ಈಗ ದೊಡ್ಡವನಾದ, ಈ ವಯಸ್ಸಿನಲ್ಲಿ ಯಾರಾದರೂ ಏನಂದುಕೊಂಡಾರು" ಎಂಬ ಸಂಕೋಚ ಬೇಡ. ತಡವಾಗಿ ಬಂದ ತಾಯಿಯನ್ನು ಗದರಿಸುವ ಸಿಬ್ಬಂದಿ ಕೆಲವೆಡೆ ಇದ್ದಾರೆ, ಒಪ್ಪುತ್ತೇನೆ. ಬೈಸಿಕೊಂಡರೂ ಚಿಂತೆಯಿಲ್ಲ, ಹಾಕಿಸಿಕೊಂಡೇ ಬನ್ನಿ.

ಮನೆಗೆಲಸಕ್ಕೆ ಬರುವವರ ಮಕ್ಕಳು, ಪಕ್ಕದ ಕಟ್ಟಡದ ಕಾವಲುಗಾರನ ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಅವರ ಕಾರ್ಡಿನ ಬಗ್ಗೆಯೂ ಒಂದು ಮಾತು ಕೇಳಿ. ಆ ತಾಯಿ ಹೇಳಿದಂತೆ, ಯಾರಾದರೂ ಒಂದು ಮಾತು ಕೇಳಿದ್ದರೆ ಆ ಹುಡುಗಿ ಇಂದು ಪ್ರೌಢಶಾಲೆಯಲ್ಲಿ ಇರುತ್ತಿದ್ದಳು.